ಅಜ್ಜನ ಚೇಗಿನ ಕಡ್ಡಿ

ಹೇಳಿಬಿಡಲೇ? ದೀಪ ಹಚ್ಚುವ ಮೊದಲೇ ಹೇಳುವುದು ಒಳ್ಳೆಯದೋ, ಹಚ್ಚಿದ ಮೇಲೋ? ಹಚ್ಚಿದ ಮೇಲೆ ಹೇಳಿದರೆ ಇವತ್ತಿನ ಪೂಜೆಯೂ ಕೆಟ್ಟಿತು ಎಂದಾಗುತ್ತದೆ. ಮೊದಲೇ ಹೇಳಿದರೆ ಇಷ್ಟು ದಿನ ಮಾಡಿದ ಪೂಜೆಗಳ ಗತಿಯೇನು ಎಂಬ ಮಾತು ಏಳುತ್ತದೆ. ಯಾವ ಕಡೆಯಿಂದ ಹೋದರೂ ಅಜ್ಜಿ ಊಟ ಬಿಡುವುದು ಖಂಡಿತ. ನಾಳೆ ಹೇಳಿದರಾಯಿತು. ಆದರೆ ನಾಳೆ ಸೋಮವಾರ. ಸೋಮವಾರದ ದಿನ ಇಂಥ ಮಾತು ಆಡುವುದುಂಟೇ?

ದಯಾನಂದ್ ದೇವರ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದ. ಒಳಗೆ ಮಣೆಯ ಮೇಲೆ ಕೂತ ಅವನ ಅಜ್ಜಿ ಸಿದ್ಧಗಂಗಮ್ಮ ಬೆರಳುದ್ದದ ಒಂದು ಕಡ್ಡಿಯಿಂದ ದೀಪದ ಬತ್ತಿಯನ್ನು ಮುಂದಕ್ಕೆ ನೂಕಿದಳು. ತುದಿಯ ಮಸಿಯನ್ನು ಸೆರಗಿನಲ್ಲಿ ಒರೆಸಿದಳು. ಆಮೇಲೆ ಚಿಟಿಕೆ ವಿಭೂತಿ ತೆಗೆದುಕೊಂಡು, ಹಿತ್ತಾಳೆ ಬೆಳಗುವ ಹಾಗೆ ಕಡ್ಡಿಯನ್ನು ಬುಡದಿಂದ ತುದಿಯವರೆಗೆ ಉಜ್ಜಿ, ಎರಡೂ ಕಣ್ಣಿಗೆ ಒತ್ತಿಕೊಂಡು, ಲಿಂಗದ ಬಟ್ಟಲಿನ ಪಕ್ಕದಲ್ಲಿ ಇಟ್ಟಳು. ಕಡ್ಡಿ ಕಂದು ಬಣ್ಣಕ್ಕೆ ತಿರುಗಿ ಮಿರಮಿರ ಮಿಂಚುತ್ತಿತ್ತು.

ಅಜ್ಜಿಯ ಪಾಲಿಗೆ ಅದು ತೆಂಗಿನ ಚೇಗು, ಅಂದರೆ ಮುದಿ ಮರದ ಒಳಗಿನ ಕಬ್ಬಿಣದಂಥ ಗಟ್ಟಿ ತಿರುಳು. ಅದು ಚಿಕ್ಕನಾಯಕನಹಳ್ಳಿಯ ಕಡೆಯ ಒಂದು ಕುರಿಯ ಮುಂಗಾಲಿನ ಮೂಳೆ ಎಂದು ಆ ಮನೆಯಲ್ಲಿ ದಯಾನಂದನೊಬ್ಬನಿಗೆ ಗೊತ್ತಿತ್ತು.

ಕಿಬ್ಬನಹಳ್ಳಿ ಕ್ರಾಸಿನಿಂದ ಒಳಗಿರುವ ಆ ಊರಿನಲ್ಲಿ ಅವರದು ಲಿಂಗ ಕಟ್ಟಿದ ಮನೆ. ಮಾಂಸ ಹಾಗಿರಲಿ, ಮೊಟ್ಟೆ ಎಂಬ ಮಾತೂ ಅಂಗಳದ ಆಚೆಗೇ ಇರಬೇಕು. ಮೊಟ್ಟೆಯ ಸಿಪ್ಪೆ ಹಾಕಿದರೆ ಗುಲಾಬಿ ಚೆನ್ನಾಗಿ ಬಿಡುತ್ತದೆ ಎಂದು ಟೀವಿಯಲ್ಲಿ ಯಾರೋ ಹೇಳಿದ್ದಕ್ಕೆ ಅಜ್ಜಿ ಆ ಚಾನೆಲ್ಲನ್ನೇ ಮನೆಯಲ್ಲಿ ಹಾಕದಂತೆ ಮಾಡಿದ್ದಳು. ಗುಲಾಬಿ ಗಿಡವನ್ನೂ ಸ್ವಲ್ಪ ದಿನ ಅನುಮಾನದಿಂದಲೇ ನೋಡಿದ್ದಳು. ಅಂಥ ಮನೆಯ ಮೊಮ್ಮಗ ಮೈಸೂರಿನಲ್ಲಿ ಪಿಎಚ್‌ಡಿಗೆ ಸೇರಿ ಆರಿಸಿಕೊಂಡ ವಿಷಯ, ಆದಿಮಾನವರ ಮೂಳೆಯ ಉಪಕರಣಗಳು. ಮನೆಯಲ್ಲಿ ಕೇಳಿದಾಗ "ಹಳೇ ಕಾಲದ ಸಾಮಾನು" ಎಂದಿದ್ದ. ಪಾತ್ರೆ ಪಡಗ ಇರಬೇಕು ಎಂದು ಅವರು ಸುಮ್ಮನಾಗಿದ್ದರು. ಅವನೂ ಸುಮ್ಮನಾಗಿದ್ದ. ಸುಮ್ಮನಿರುವುದು ಅವನಿಗೆ ಹುಟ್ಟಿನಿಂದಲೇ ಬಂದ ವಿದ್ಯೆ.

ಅವನನ್ನು ಕಾಡುತ್ತಿದ್ದ ಪ್ರಶ್ನೆ ಸಣ್ಣದು. ಆಫ್ರಿಕಾದ ದಕ್ಷಿಣ ತುದಿಯ ಕಡಲ ಗುಹೆಯೊಂದರಲ್ಲಿ ಎಪ್ಪತ್ತು ಸಾವಿರ ವರ್ಷಕ್ಕೂ ಹಳೆಯ ಮೂಳೆಯ ಮೊನೆಗಳು ಸಿಕ್ಕಿವೆ. ಅವುಗಳಲ್ಲಿ ಕೆಲವನ್ನು ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ನಯವಾಗಿ ಉಜ್ಜಿದ್ದಾರೆ. ಚುಚ್ಚುವುದಕ್ಕೆ ಚೂಪಿದ್ದರೆ ಸಾಕು, ಹೊಳಪು ಯಾಕೆ? ಉಪಯೋಗಕ್ಕಿಲ್ಲದ ಆ ಹೊಳಪಿನಲ್ಲೇ ನಮ್ಮಂಥ ಮನಸ್ಸು ಮೊದಲ ಸಲ ಇಣುಕುತ್ತದೆ ಎನ್ನುವವರಿದ್ದಾರೆ. ಹಾಗೇನಿಲ್ಲ, ಕೈಯಲ್ಲಿ ಆಡಿ ಆಡಿ ಹೊಳಪು ತಾನಾಗಿ ಬಂದಿದೆ ಎನ್ನುವವರೂ ಇರಬಹುದು. ಬೇಕೆಂದು ಉಜ್ಜಿದ ಹೊಳಪು, ಬಳಸಿ ಬಂದ ಹೊಳಪು, ಇವೆರಡನ್ನು ಸೂಕ್ಷ್ಮದರ್ಶಕದ ಕೆಳಗೆ ಬೇರೆ ಬೇರೆಯಾಗಿ ತೋರಿಸಿದರೆ ಜಗಳ ಮುಗಿದ ಹಾಗೆ. ಅದನ್ನು ತೋರಿಸುವವನು ತಾನೇ ಎಂದು ದಯಾನಂದ್ ನಿರ್ಧರಿಸಿದ್ದ. ಅದಕ್ಕೆ ಹೊಸ ಮೂಳೆ ಬೇಕು, ಹಳೆಯ ಕ್ರಮದಲ್ಲಿ ಮೊನೆ ಮಾಡಬೇಕು, ಕೆಲವನ್ನು ಬಳಸಬೇಕು, ಒಂದನ್ನು ಬಳಸದೆ ಕಾಪಾಡಬೇಕು.

ಮೂಳೆ ಕೊಟ್ಟವನು ಅವನ ಜೊತೆ ತಿಪಟೂರಿನಲ್ಲಿ ಬಿ.ಎ. ಓದಿದ ತಿಮ್ಮೇಶ್. ಚಿಕ್ಕನಾಯಕನಹಳ್ಳಿಯ ಹತ್ತಿರ ಅವನ ಮನೆಯಲ್ಲಿ ಕುರಿ ಹಿಂಡಿತ್ತು.

"ಏನ್ಲಾ ದಯಾ, ಹಬ್ಬದಾಗೆ ಊರೆಲ್ಲ ಬಾಡು ಕೇಳ್ತಾರೆ, ನೀನು ಬರೀ ಮೂಳೆ ಕೇಳ್ತೀಯ. ನಾಯಿ ಗೀಯಿ ಸಾಕಿದ್ದೀಯಾ?"

"ಪಿಎಚ್‌ಡಿ ಕಣ್ಲಾ."

"ಅದುನ್ನ ಸಾಕೋಕೆ ನಾಯಿಗಿಂತ ಜಾಸ್ತಿ ಮೂಳೆ ಬೇಕು ಅನ್ಸುತ್ತೆ, ಬುಡು."

ತಿಮ್ಮೇಶನ ಹಿತ್ತಲಲ್ಲೇ ಬೇಯಿಸಿ ಬಿಳುಪು ಮಾಡಿದ ಮೂಳೆಗಳನ್ನು ದಯಾನಂದ್ ತಮ್ಮ ತೋಟದ ಪಂಪ್‌ಸೆಟ್ ಮನೆಗೆ ತಂದು, ಬೆಣಚುಕಲ್ಲಿನ ಚಕ್ಕೆಯಿಂದ ಕೆರೆದ, ಕಲ್ಲಿನ ಮೇಲೆ ತೇಯ್ದ, ಚರ್ಮದ ತುಂಡಿನಿಂದ ಉಜ್ಜಿದ. ಹಾಗೆ ಮಾಡಿದ ಮೊನೆಗಳಲ್ಲಿ ಮೂರನೆಯದು ಎಲ್ಲಕ್ಕಿಂತ ಚೆನ್ನಾಗಿ ಬಂತು. ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ರಜದ ದಿನಗಳಲ್ಲೆಲ್ಲ ಉಜ್ಜಿದ. ಬುಡದಲ್ಲಿ ಗುರುತಿಗೆಂದು ಅಡ್ಡಡ್ಡ ಮೂರು ಗೀರು ಎಳೆದ. ಬಳಸದೆ ಕಾಪಾಡಬೇಕಾದದ್ದು ಇದೇ ಎಂದು ಅವನ ಮಾರ್ಗದರ್ಶಕಿ ಗಿರಿಜಾಂಬಿಕಾ ಮೇಡಂ ಒಪ್ಪಿದರು. ಉಳಿದವೆಲ್ಲ ಮೈಸೂರಿಗೆ ಹೋದವು. ಹಾಸ್ಟೆಲಿನಲ್ಲಿ ಜೊತೆಯವನೊಬ್ಬ ಸಿಕ್ಕಿದ್ದರಲ್ಲೆಲ್ಲ ಕಿವಿ ಕೆರೆದುಕೊಳ್ಳುತ್ತಿದ್ದನಾದ್ದರಿಂದ ಮೂರನೆಯದು ಮಾತ್ರ ಊರಲ್ಲೇ ಉಳಿಯಿತು.

ಬಚ್ಚಿಡಲು ಅವನು ಹುಡುಕಿದ ಜಾಗ ಕೊಬ್ಬರಿ ಅಟ್ಟ. ಅದಕ್ಕಿಂತ ಭದ್ರವಾದ ಜಾಗ ಆ ಸೀಮೆಯಲ್ಲೇ ಇಲ್ಲ. ಅಟ್ಟಕ್ಕೆ ಹಾಕಿದ ಕಾಯಿ, ಒಳಗೆ ನೀರಿಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಅಲ್ಲಾಡಿಸಿದರೆ ಲೊಡಲೊಡ ಎನ್ನುವವರೆಗೆ, ಹೆಚ್ಚುಕಡಿಮೆ ವರ್ಷ ತುಂಬುವವರೆಗೆ, ಯಾರೂ ಮುಟ್ಟುವುದಿಲ್ಲ. ಬಚ್ಚಲ ಒಲೆಯ ಹೊಗೆಯೊಂದೇ ಅಲ್ಲಿಗೆ ಹೋಗಿ ಬರುವ ಪ್ರಾಣಿ. ಆ ಹೊಗೆಯೂ ಎಣ್ಣೆಯೂ ಸೇರಿ ಬಿಳಿಯ ಮೂಳೆಯನ್ನು ಮೆಲ್ಲಗೆ ಕಂದು ಮಾಡುತ್ತಿರುವುದು ಮೈಸೂರಿನಲ್ಲಿದ್ದವನಿಗೆ ಗೊತ್ತಾಗಲಿಲ್ಲ. ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಏರಿದ್ದರಿಂದ ಅಪ್ಪ ಶಿವಣ್ಣ ಅವಸರಪಟ್ಟು ಅಟ್ಟ ಇಳಿಸಿದ್ದೂ ಗೊತ್ತಾಗಲಿಲ್ಲ.

ಸೆಮಿನಾರಿಗೆ ಮೂರನೆಯದನ್ನು ಒಯ್ಯಲು ಅವನು ಊರಿಗೆ ಬಂದಾಗ ಅಟ್ಟ ಖಾಲಿ. ದೇವರ ಕೋಣೆಯಿಂದ ಅಜ್ಜಿ ಕರೆದಳು.

"ಬಾ ಇಲ್ಲಿ. ನಿಮ್ಮಜ್ಜ ಏನು ಮಡಗಿದ್ರು ನೋಡ್ಲಾ."

ಅವನು ನೋಡಿದ. ಅವಳ ಕೈಯಲ್ಲಿ ಅವನ ಮೂರನೆಯದು ಇತ್ತು.

"ಕಾಯಿ ಇಳಿಸುವಾಗ ಮಟ್ಟೆ ಜೊತೆ ಉದುರ್ತು. ಒಲೆಗೆ ಹಾಕ್ತಿದ್ರು, ನಾನು ಕಂಡೆ. ಚೇಗು ಕಣಪ್ಪ. ಮುಟ್ಟಿ ನೋಡು, ಬೆಣ್ಣೆ ಇದ್ದಂಗೈತೆ."

ಕಂದಾಗಿಯೂ ಗಟ್ಟಿಯಾಗಿಯೂ ನಯವಾಗಿಯೂ ಇರುವ ವಸ್ತು ಯಾವುದು ಸಿಕ್ಕರೂ ಆ ಸೀಮೆಯವರ ಬಾಯಲ್ಲಿ ಅದು ತೆಂಗಿನದೇ. ಬೇರೆ ಏನಾದರೂ ಇರಬಹುದು ಎಂದು ಅನುಮಾನಪಡುವುದು ಕಲ್ಪವೃಕ್ಷಕ್ಕೆ ಮಾಡುವ ಅವಮಾನ. ಅದರ ಮೇಲೆ ತೀರಿಕೊಂಡ ಅವನ ಅಜ್ಜ ಏಕಾಂತಯ್ಯ ಚೇಗಿನ ಕೆಲಸದಲ್ಲಿ ಹೆಸರಾದವರು. ಮುದಿ ಮರ ಉರುಳಿದರೆ ಸಾಕು, ಅದರಲ್ಲಿ ಕುಡುಗೋಲಿನ ಹಿಡಿ, ಗೂಟ, ಮಜ್ಜಿಗೆ ಕಡೆಯುವ ಕೋಲು ಎಲ್ಲವನ್ನೂ ಮಾಡುತ್ತಿದ್ದರು. ಮಾತು ಮಾತ್ರ ಆಡುತ್ತಿರಲಿಲ್ಲ. ಏನು ಕೇಳಿದರೂ "ನೋಡಾನ" ಎನ್ನುವುದೇ ಅವರ ಪೂರ್ತಿ ಭಾಷಣ.

"ಮದುವೆಯಾದ ಹೊಸದ್ರಲ್ಲಿ ಕೇಳಿದ್ದೆ," ಎಂದಳು ಅಜ್ಜಿ. "ಬತ್ತಿ ನೂಕಾಕೆ ಒಂದು ಕಡ್ಡಿ ಮಾಡ್ಕೊಡಿ ಅಂತ. ನೋಡಾನ ಅಂದ್ರು. ಆಮ್ಯಾಕೆ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಂಗೆ ಅಂತ ಒಂದು ಸಾಮಾನು ಮಾಡ್ಕೊಡ್ಲಿಲ್ಲವಲ್ಲ ಅಂತ ಒಳಗೇ ಕೊರೀತಿತ್ತು. ಈಗ ನೋಡು. ಮಾಡಿ ಅಟ್ಟದಾಗೆ ಮಡಗಿ, ಹೇಳೋದೇ ಮರೆತವ್ರೆ." ಬುಡದ ಮೂರು ಗೀರುಗಳ ಮೇಲೆ ಬೆರಳಾಡಿಸಿದಳು. "ವಿಭೂತಿ ಪಟ್ಟೆ ಬೇರೆ ಎಳೆದವ್ರೆ. ಯಾರ್ಗೆ ಅಂತ ಗೊತ್ತಾಗ್ಲಿ ಅಂತ."

ಆದಿಮಾನವರು ಎಳೆದ ಗೀರಿಗೆ ಅರ್ಥ ಹಚ್ಚುವಾಗ ಎಚ್ಚರವಿರಬೇಕು ಎಂದು ದಯಾನಂದ್ ತನ್ನ ಪ್ರಬಂಧದಲ್ಲಿ ಉದ್ದದ ಎಚ್ಚರಿಕೆಯೊಂದನ್ನು ಬರೆದಿದ್ದ. ಅದು ಈಗ ಯಾವ ಉಪಯೋಗಕ್ಕೂ ಬರಲಿಲ್ಲ. ಅಜ್ಜಿಯ ಮುಖ ನೋಡಿ ಅವನು "ಚೆನ್ನಾಗೈತೆ" ಎಂದಷ್ಟೇ ಅಂದ.

ಅಂದಿನಿಂದ ದಿನಾ ಬೆಳಿಗ್ಗೆ ಅವನು ಬಾಗಿಲಿಗೆ ಒರಗಿ ನಿಲ್ಲುವುದು, ಅಜ್ಜಿ ಬತ್ತಿ ನೂಕುವುದು, ಯಾರೂ ಬಳಸಬಾರದ ಮೂರನೆಯ ಮೊನೆ ಕಣ್ಣೆದುರಿಗೇ ಬಳಕೆಯಾಗುವುದು. ಮೇಡಂ ಫೋನ್ ಮಾಡಿದರು.

"ದಯಾನಂದ್, ಆ ಮೂರನೇದು ಇಲ್ಲದೆ ಸೆಮಿನಾರಿಗೆ ಬರಬೇಡಿ. ಸೇಫಾಗಿದೆ ತಾನೇ? ಯಾರೂ ಮುಟ್ಟಿಲ್ಲವಲ್ಲ?"

ಒಳಗೆ ಅಜ್ಜಿ ವಿಭೂತಿ ಹಚ್ಚಿ ಉಜ್ಜುತ್ತಿದ್ದಳು.

"ಭಕ್ತಿಯಿಂದ ಇಟ್ಕೊಂಡಿದ್ದೀವಿ ಮೇಡಂ," ಎಂದ.

ಆ ನಡುವೆ ತುರುವೇಕೆರೆಯಿಂದ ಸೋದರತ್ತೆ ಜ್ಯೋತಿಲಕ್ಷ್ಮಿ ಬಂದು, ತನ್ನಪ್ಪ ಮಾಡಿದ ಕಡ್ಡಿಯನ್ನು ಕೆನ್ನೆಗಿಟ್ಟುಕೊಂಡು ಅತ್ತು, "ನಂಗೆ ಕೊಡವ್ವ" ಎಂದು ಕೇಳಿ, "ನಾನು ಸತ್ತ ಮ್ಯಾಕೆ ತಗಂಡೋಗು" ಎನ್ನಿಸಿಕೊಂಡು, ಮುಖ ಊದಿಸಿಕೊಂಡು ಹೋದಳು. ಹೇಳುವ ದಾರಿ ಅಲ್ಲಿಗೆ ಪೂರ್ತಿ ಮುಚ್ಚಿತು. ಇನ್ನು ಉಳಿದದ್ದು ಅದಲುಬದಲು. ದಯಾನಂದ್ ತಿಮ್ಮೇಶನ ಹತ್ತಿರ ಓಡಿದ.

ತಿಮ್ಮೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮ ಕುರಿ ಪುಣ್ಯ ಕಣ್ಲಾ. ಬದುಕಿದ್ದಾಗ ನಿಮ್ಮ ತೋಟದ ಬೇಲಿ ತಾವ ಬಂದ್ರೆ ನಿಮ್ಮಪ್ಪ ಕಲ್ಲು ಬೀರ್ತಿದ್ದ. ಈಗ ದೇವರ ಮನೇಲೇ ಜಾಗ."

"ನಗಬೇಡ್ವೋ. ಅದೇ ಥರದ್ದು ಒಂದು ಚೇಗಿನಲ್ಲಿ ಮಾಡಿ ಅಲ್ಲಿ ಇಡ್ತೀನಿ. ಅಜ್ಜಿ ಚೇಗು ಅಂತ ನಂಬವ್ಳೆ, ಚೇಗೇ ಇರ್ಲಿ."

"ಮೂಳೇನ ಚೇಗು ಅಂತ ನಂಬಿಸಿದ್ದೀಯ. ಈಗ ಚೇಗುನ್ನ ಚೇಗು ಅಂತ ನಂಬಿಸ್ಬೇಕು. ಅದು ಇನ್ನೂ ಕಷ್ಟ ಕಣ್ಲಾ."

ಇಬ್ಬರೂ ಸೇರಿ ಉರುಳಿದ ಮುದಿ ಮರವೊಂದರಿಂದ ಚಕ್ಕೆ ತೆಗೆದು ಕೆತ್ತಿ, ತೇಯ್ದು, ಎಣ್ಣೆ ಹಚ್ಚಿ, ಮೂರು ಗೀರು ಎಳೆದರು. ಅಜ್ಜಿ ಹಿತ್ತಲಿಗೆ ಹೂವು ಬಿಡಿಸಲು ಹೋದ ಹೊತ್ತಿನಲ್ಲಿ ದಯಾನಂದ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ, ಅವಳಿ ಮಕ್ಕಳ ಹಾಗಿದ್ದವು. ಚೇಗಿನದನ್ನು ಅಲ್ಲಿಟ್ಟು ಮೂಳೆಯದನ್ನು ಎತ್ತಿಕೊಂಡ. ಮೂರನೆಯದು ಅವನ ಬ್ಯಾಗಿನಲ್ಲಿ, ಬನಿಯನ್ನಿನ ಮಡಿಕೆಯೊಳಗೆ ಮಲಗಿತು. ಮರುದಿನದ ರೈಲಿಗೆ ಹೊರಟರಾಯಿತು.

ಮರುದಿನ ಬೆಳಿಗ್ಗೆ ದೇವರ ಕೋಣೆಯಿಂದ ಸುಟ್ಟ ವಾಸನೆ ಬಂತು.

ಅಜ್ಜಿ ಕಡ್ಡಿಯನ್ನು ಎತ್ತಿ ಹಿಡಿದಿದ್ದಳು. ಅದರ ತುದಿ ಕೆಂಡವಾಗಿ ತೆಳ್ಳಗೆ ಹೊಗೆ ಬಿಡುತ್ತಿತ್ತು.

"ಶಿವಣ್ಣ, ಬಾ ಇಲ್ಲಿ," ಎಂದು ಮಗನನ್ನು ಕರೆದಳು. "ಇದು ನಿಮ್ಮಪ್ಪ ಮಾಡಿದ್ದಲ್ಲ. ಅವರದ್ದು ಸುಡ್ತಿರಲಿಲ್ಲ."

ಶಿವಣ್ಣ ಮೂಸಿ ನೋಡಿದ. "ಚೇಗು ಇದ್ದಂಗೇ ಐತಲ್ಲವ್ವ."

"ಯಾವನಂದ ಚೇಗು ಅಂತ? ಚೇಗು ಸುಡುತ್ತಾ? ಇದು ಯಾವ್ದೋ ಕಳಪೆ ಮರ. ಯಾರೋ ಬದಲಾಯ್ಸವ್ರೆ."

ಅಸಲಿ ತೆಂಗಿನ ಚೇಗು ತೆಂಗಿನ ಸೀಮೆಯಲ್ಲೇ, ಹುಟ್ಟಿದಾಗಿನಿಂದ ತೆಂಗಿನ ನಡುವೆ ಬಾಳಿದ ಮುದುಕಿಯ ಕೈಯಲ್ಲಿ, ನಕಲಿ ಎನಿಸಿಕೊಂಡಿತು. ದಯಾನಂದನಿಗೆ ನಗು ಬಂದು, ಅದರ ಹಿಂದೆಯೇ ಭಯ ಬಂತು. ಸುಡದಿದ್ದದ್ದು ಹಾಗಾದರೆ ಮರವೇ ಅಲ್ಲ ಎಂದು ಯಾರಾದರೂ ಯೋಚಿಸಿದರೆ? ಯಾರೂ ಯೋಚಿಸಲಿಲ್ಲ. ಎಲ್ಲರ ಬುದ್ಧಿಯೂ ಯಾರು ಕದ್ದರು ಎಂಬ ಕಡೆಗೆ ಓಡಿತು. ಅಜ್ಜಿ ಆಗಲೇ ಫೋನಿನಲ್ಲಿದ್ದಳು. ಕಿವಿ ಮಂದವಾದ್ದರಿಂದ ಫೋನಿನ ಸ್ಪೀಕರ್ ಯಾವಾಗಲೂ ಹಾಕಿಯೇ ಇರುತ್ತಿತ್ತು.

"ಜ್ಯೋತಿ, ತಗಂಡೋಗಿದ್ರೆ ತಗಂಡೋಗಿವ್ನಿ ಅನ್ನು. ಅದರ ಜಾಗದಾಗೆ ಕಳಪೇದು ಮಡಗೋ ಬುದ್ಧಿ ಯಾರು ಕಲಿಸಿದ್ರೇ?"

"ಅವ್ವ, ಕದಿಯೋಳಾಗಿದ್ರೆ ನಾನು ಯಾಕೆ ಕೇಳ್ತಿದ್ದೆ?"

"ಕೇಳಿದ್ದಕ್ಕೆ ಕೊಡ್ಲಿಲ್ಲ ಅಂತಾನೇ ಕದಿಯೋದು ಕಣೇ."

"ಹಂಗಾದ್ರೆ ನಾನು ಇನ್ನು ಆ ಮನೆ ಹೊಸ್ಲು ತುಳಿಯಲ್ಲ ಬುಡು."

ಫೋನು ಕಟ್ಟಾಯಿತು. "ಕಡ್ಡಿಗೆ ಜಗಳ ಆಡಿದ್ರು ಅಂತ ಗೊತ್ತಾದ್ರೆ ತಿಪಟೂರಲ್ಲಿ ನಗ್ತಾರೆ," ಎಂದು ಶಿವಣ್ಣ ಟವೆಲ್ ಕೊಡವಿಕೊಂಡು ತೋಟಕ್ಕೆ ಹೋದ. ಅಜ್ಜಿ ಅಂದು ಊಟ ಮಾಡಲಿಲ್ಲ. ದಯಾನಂದ್ ಬ್ಯಾಗನ್ನು ಎತ್ತಿಕೊಂಡ, ಕೆಳಗಿಟ್ಟ, ಮತ್ತೆ ಎತ್ತಿಕೊಂಡ. ಅವನ ವಿದ್ಯೆ ಗೆದ್ದಿತು. ಸುಮ್ಮನೆ ಹೊರಟುಬಿಟ್ಟ.

ರೈಲು ಅರಸೀಕೆರೆ ದಾಟುವಾಗ ಅತ್ತೆಯ ಫೋನು. "ದಯಾ, ನೀನಾದ್ರೂ ಹೇಳಪ್ಪ. ನಾನು ತಗಂಡಿಲ್ಲ ಅಂತ ನೀನು ನಂಬ್ತೀಯ ತಾನೇ?"

"ನಂಬ್ತೀನಿ ಅತ್ತೆ," ಎಂದ. ಲೋಕದಲ್ಲಿ ಆ ಮಾತನ್ನು ಅವನಷ್ಟು ಖಚಿತವಾಗಿ ಹೇಳಬಲ್ಲವರು ಇನ್ನೊಬ್ಬರಿರಲಿಲ್ಲ.

ಮೈಸೂರಿನಲ್ಲಿ ಗಿರಿಜಾಂಬಿಕಾ ಮೇಡಂ ಮೂರನೆಯದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ತಲೆ ಎತ್ತದೆಯೇ ಕೇಳಿದರು.

"ಇದು ಬಳಸದೆ ಇಟ್ಟಿದ್ದು ಅಂದ್ರಿ."

ದಯಾನಂದ್ ಬ್ಯಾಗಿನ ಜಿಪ್ಪನ್ನು ಎಳೆದು ಮುಚ್ಚಿದ.

"ತುದಿಯಲ್ಲಿ ಮಸಿ ಇದೆ. ಮೈಯೆಲ್ಲ ಯಾವುದೋ ಸಣ್ಣ ಬೂದಿಯಿಂದ ಉಜ್ಜಿದೆ. ಬನ್ನಿ ಇಲ್ಲಿ, ನೀವೇ ನೋಡಿ. ನೀವು ಉಜ್ಜಿದ್ದು ಎಲ್ಲಿಗೆ ಮುಗಿಯುತ್ತೆ, ಬಳಸಿದ್ದು ಎಲ್ಲಿಂದ ಶುರುವಾಗುತ್ತೆ, ತೋರಿಸಿ."

ಅವನು ನೋಡಿದ. ತೋರಿಸಲು ಆಗಲಿಲ್ಲ. ತನ್ನ ಚರ್ಮದ ತುಂಡಿನ ಹೊಳಪಿನ ಮೇಲೆ ಅಜ್ಜಿಯ ಬೆರಳಿನ ಹೊಳಪು ಹಾಲಿನ ಮೇಲೆ ಕೆನೆ ಕೂತ ಹಾಗೆ ಕೂತಿತ್ತು. ಬಳಸುತ್ತಲೇ ಬೇಕೆಂದು ಉಜ್ಜುವವರು, ಉಜ್ಜುವುದನ್ನೇ ಬಳಕೆ ಮಾಡಿಕೊಂಡವರು ಇರಬಹುದು ಎಂದು ಅವನ ಪ್ರಬಂಧದ ಯಾವ ಪುಟದಲ್ಲೂ ಇರಲಿಲ್ಲ. ಒಂದು ಇಡೀ ಅಧ್ಯಾಯ ಕಣ್ಣೆದುರಿಗೇ ಕುಸಿಯಿತು. ಇನ್ನು ಮುಚ್ಚಿಟ್ಟು ಸುಖವಿಲ್ಲ ಎಂದು ಅವನು ಮೇಡಂ ಹತ್ತಿರ ಎಲ್ಲವನ್ನೂ ಹೇಳಿದ. ವಿಭೂತಿಯ ಪಟ್ಟೆಯ ಕಡೆಗೆ ಬರುವಾಗ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಚೇಗು ಹೊಗೆಯಾಡಿದ ಕಡೆ ಬರುವ ಹೊತ್ತಿಗೆ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದರು.

"ಸೆಮಿನಾರ್ ಮುಂದಕ್ಕೆ ಹಾಕೋಣ," ಎಂದರು ಕೊನೆಗೆ. "ಆ ಅಧ್ಯಾಯ ಹೊಸದಾಗಿ ಬರೀಬೇಕು. ಎರಡನ್ನೂ ಬೇರೆ ಮಾಡೋಕೆ ಆಗಲ್ಲ ಅಂತಲೇ ಬರೀರಿ. ಇದನ್ನ ತಗೊಂಡು ಹೋಗಿ ಅವರಿಗೆ ಕೊಟ್ಟುಬಿಡಿ."

"ಏನಂತ ಹೇಳಿ ಕೊಡಲಿ ಮೇಡಂ?"

"ಅದು ನಿಮ್ಮ ಮನೆ ವಿಷಯ ಕಣ್ರೀ. ನಾನು ಮೂಳೆ ಮಾತ್ರ ನೋಡೋಳು."

ವಾರ ಕಳೆಯುವುದರೊಳಗೆ ದಯಾನಂದ್ ಊರಿಗೆ ಹಿಂತಿರುಗಿ, ಅಜ್ಜಿ ಮಲಗಿದ ಮಧ್ಯಾಹ್ನ ಮೂರನೆಯದನ್ನು ದೇವರ ಕೋಣೆಯ ಹೂವಿನ ಬುಟ್ಟಿಯ ಅಡಿಯಲ್ಲಿ ಇಟ್ಟ. ಸಂಜೆ ತಾನೇ ಹುಡುಕಿದ ಹಾಗೆ ಎತ್ತಿ ತೋರಿಸಿದ.

"ಇಲ್ಲೇ ಬಿದ್ದಿತ್ತು ಅಜ್ಜಿ."

ಅಜ್ಜಿ ಅದನ್ನು ಕೈಗೆ ತೆಗೆದುಕೊಂಡಳು. ಕೆನ್ನೆಗಿಟ್ಟಳು. ದೀಪದ ಹತ್ತಿರ ಹಿಡಿದಳು. ಸುಡಲಿಲ್ಲ. ಕಣ್ಣಿಗೆ ಒತ್ತಿಕೊಂಡು ಫೋನು ಹಚ್ಚಿದಳು.

"ಜ್ಯೋತಿ, ಒಬ್ಬಟ್ಟು ಮಾಡ್ತೀನಿ, ನಾಳೆ ಬಾ." "ಕಡ್ಡಿ ಸಿಕ್ತಾ?" ಎಂದಿತು ಸ್ಪೀಕರ್. "ಸಿಕ್ತು ಕಣೇ. ಸಿಕ್ತು ಅಂದ ಮೇಲೆ ಇನ್ನೇನು ಮಾತು? ಹೊಸ್ಲು ತುಳೀದಿದ್ರೆ ದಾಟ್ಕಂಡು ಬಾ."

ಫೋನು ಇಟ್ಟವಳಿಗೆ ಏನೋ ನೆನಪಾಯಿತು. ಲಿಂಗದ ಬಟ್ಟಲಿನ ಹಿಂದಿನಿಂದ ತುದಿ ಸುಟ್ಟ ಕಡ್ಡಿಯನ್ನು ತೆಗೆದು ಮೊಮ್ಮಗನ ಮುಂದೆ ಹಿಡಿದಳು.

"ಹಂಗಾದ್ರೆ ಈ ಕಳಪೇದು ಎಲ್ಲಿಂದ ಬಂತು?"

ಇದನ್ನು ಅವನು ಯೋಚಿಸಿರಲಿಲ್ಲ. ಹೇಳುವುದಕ್ಕೆ ಕೈಗೆ ಸಿಕ್ಕಿದ್ದು ಸತ್ಯದ ಒಂದು ಚೂರು.

"ಅದು ನಾನು ಮಾಡಿದ್ದು ಅಜ್ಜಿ. ಅಜ್ಜನ ಕಡ್ಡಿ ಸವೆಯದೆ ಇರ್ಲಿ ಅಂತ."

ಅಜ್ಜಿ ಅವನನ್ನೊಮ್ಮೆ, ಸುಟ್ಟ ಕಡ್ಡಿಯನ್ನೊಮ್ಮೆ ನೋಡಿದಳು. ಬೊಚ್ಚುಬಾಯಿ ಅಗಲವಾಯಿತು.

"ನೀನಾ? ಅಂಗನ್ನು. ಅದುಕ್ಕೇ ಹಿಂಗೈತೆ. ನಿಮ್ಮಜ್ಜನ ಕೈ ನಿಂಗೆಲ್ಲಿಂದ ಬರ್ಬೇಕಪ್ಪ?" ಎರಡನ್ನೂ ಅವನ ಅಂಗೈಯಲ್ಲಿ ಅಕ್ಕಪಕ್ಕ ಇಟ್ಟಳು. "ನೋಡು, ಇದು ಅವರು ಮಾಡಿದ್ದು, ಇದು ನೀನು ಮಾಡಿದ್ದು. ಗೀರು ನೋಡು, ಅವರದ್ದು ಎಷ್ಟು ನೇರವಾಗೈತೆ. ಓದಿ ಏನು ಬಂತು? ಇದುನ್ನ ನೋಡಿ ಕಲಿ."

"ಕಲೀತೀನಿ ಅಜ್ಜಿ."

ಅವಳು ಅಜ್ಜನದನ್ನು ವಾಪಸ್ ತೆಗೆದುಕೊಂಡು, ವಿಭೂತಿ ಹಚ್ಚಿ, ಬುಡದಿಂದ ತುದಿಯವರೆಗೆ ಉಜ್ಜತೊಡಗಿದಳು.

"ಒಂದೇ ಬೇಜಾರು ಕಣ್ಲಾ. ಮಾಡಿದೋರು ಬಾಯಿಬುಟ್ಟು ಹೇಳ್ಬೇಕು, ನಾನು ಮಾಡಿವ್ನಿ, ನಿಂಗೇ ಅಂತ. ಹೇಳದೆ ಮಡಗಿದ್ರೆ ಹೆಂಗೆ ಗೊತ್ತಾಗ್ಬೇಕು?"

"ನಿಜ ಅಜ್ಜಿ," ಎಂದ ದಯಾನಂದ್.

ಎರಡನ್ನೂ ಮಾಡಿದವನು ತಾನೇ ಎಂದು ಅವನು ಹೇಳಲಿಲ್ಲ. ಸುಡದ ಕಡ್ಡಿ ಮೂಳೆಯದು ಎಂದೂ ಹೇಳಲಿಲ್ಲ.